ಜಿಲ್ಲೆಯ ಹೊಸ ವಿಶ್ವವಿದ್ಯಾಲಯಕ್ಕೆ ಮಗಳನ್ನು ಸೇರಿಸಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತೇನೆ. ಮಗಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿದ್ದಾಳೆ, ಶೇ 81 ಅಂಕ ಬಂದಿವೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂಬುದು ಅವಳ ಆಸೆ. ನಮ್ಮ ಜಿಲ್ಲೆಯಲ್ಲೇ 2023ರಲ್ಲಿ ಶುರುವಾದ ಹೊಸ ವಿಶ್ವವಿದ್ಯಾಲಯದಲ್ಲಿ ಮೆರಿಟ್ ಸೀಟು ಸಿಕ್ಕಿದೆ. ಮನೆಯಿಂದ 38 ಕಿ.ಮೀ. ದೂರ. ಧಾರವಾಡದಲ್ಲಿ ಪೇಮೆಂಟ್ ಸೀಟು ಸಿಗಬಹುದು ಎನ್ನುತ್ತಾರೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಿಂದಲೂ ದಿನಕ್ಕೆರಡು ಸಲ ಫೋನು ಬರುತ್ತಿದೆ. ನನ್ನ ಭಾವನವರು ‘ಅದು ಮುಚ್ಚಿ ಹೋಗುವ ವಿಶ್ವವಿದ್ಯಾಲಯ, ನ್ಯಾಕ್ ಶ್ರೇಣಿ ಕೂಡ ಇಲ್ಲ, ಅಲ್ಲಿನ ಪದವಿಗೆ ಬೆಲೆ ಇಲ್ಲ, ಅಲ್ಲಿ ಚಿನ್ನದ ಪದಕ ತಂದರೂ ಯಾರೂ ಕೇಳುವುದಿಲ್ಲ’ ಎಂದು ಹೆದರಿಸಿದ್ದಾರೆ. ಮಗಳು ‘ಅಲ್ಲಿ ಕ್ಯಾಂಪಸ್ ಜೀವನವೇ ಇಲ್ಲ ಅಪ್ಪಾ, ಐದು ಗಂಟೆಗೆ ಎಲ್ಲ ಖಾಲಿ’ ಎನ್ನುತ್ತಾಳೆ. ಶುಲ್ಕ ಕಟ್ಟಲು ಹತ್ತು ದಿನ ಉಳಿದಿದೆ. ಏನು ಮಾಡಲಿ?

ಉತ್ತರ: ಅಂಗಡಿಗೆ ಹೊಸ ಕಂಪನಿಯ ಬೀಜ ಬಂದಾಗ ನೀವು ಏನು ಮಾಡುತ್ತೀರಿ? ಚೀಲದ ಮೇಲಿನ ಚಿತ್ರ ನೋಡಿ ರೈತರಿಗೆ ಕೊಡುವುದಿಲ್ಲ. ಮೊಳಕೆಯ ಪ್ರಮಾಣ ನೋಡುತ್ತೀರಿ, ಲಾಟ್ ನಂಬರು ನೋಡುತ್ತೀರಿ, ಕಳೆದ ವರ್ಷ ಬಿತ್ತಿದವರನ್ನು ಕೇಳುತ್ತೀರಿ. ಮಗಳ ವಿಷಯದಲ್ಲೂ ಅಷ್ಟೇ ಕಾಳಜಿಯಿಂದ ಕೇಳಿದ್ದೀರಿ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸಿದವನು. ಅದರಲ್ಲಿ ಒಂಬತ್ತು ವರ್ಷ ಒಂದು ಸಣ್ಣ ಸ್ನಾತಕೋತ್ತರ ಕೇಂದ್ರದಲ್ಲಿ ಕಳೆದೆ, ಕೊನೆಯ ವರ್ಷಗಳಲ್ಲಿ ಪರೀಕ್ಷಾ ವಿಭಾಗದ ಹೊಣೆಯನ್ನೂ ಹೊತ್ತೆ. ಎರಡೂ ಕಡೆಯ ಅನುಭವದಿಂದ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಪದವಿಗೆ ಮಾನ್ಯತೆ ಇರುತ್ತದೆಯೇ, ಕಲಿಕೆ ಗಟ್ಟಿಯಾಗಿರುತ್ತದೆಯೇ, ಎರಡು ವರ್ಷ ಮಗಳು ಅಲ್ಲಿ ಅರಳುತ್ತಾಳೆಯೇ. ಭಾವನವರು ಮೊದಲನೆಯದನ್ನು ದೊಡ್ಡದು ಮಾಡಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಮೂರರಲ್ಲಿ ತೀರ ಚಿಕ್ಕದು. ನಿಜವಾದ ತೂಕ ಇರುವುದು ಎರಡನೆಯದಕ್ಕೆ.

ಪದವಿಯ ಮಾತು ಮೊದಲು ಮುಗಿಸೋಣ. ನಮ್ಮ ದೇಶದಲ್ಲಿ ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮು ಹೇಳುತ್ತದೆ. ಸಂಸತ್ತಿನ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನವೆಂಬ ಸ್ಥಾನ ಪಡೆದ ಸಂಸ್ಥೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇಷ್ಟೇ. ಅಲ್ಲಿ ಗಾತ್ರದ ಮಾತಿಲ್ಲ, ವಯಸ್ಸಿನ ಮಾತಿಲ್ಲ. 2023ರಲ್ಲಿ ಬೀದರ್, ಹಾಸನ, ಹಾವೇರಿ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರಗಳಲ್ಲಿ ಆರಂಭವಾದ ವಿಶ್ವವಿದ್ಯಾಲಯಗಳು ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ ವಿಧಾನಮಂಡಲ ತಂದ ತಿದ್ದುಪಡಿಯಿಂದಲೇ ಹುಟ್ಟಿದವು. ಅವು ಕೊಡುವ ಎಂ.ಎಸ್‌ಸಿ.ಗೂ ಧಾರವಾಡ, ಮೈಸೂರುಗಳ ಎಂ.ಎಸ್‌ಸಿ.ಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಕಾಲೇಜು ಅಧ್ಯಾಪಕರಾಗಲು ಬೇಕಾದ ಕೆ-ಸೆಟ್ (ರಾಜ್ಯಮಟ್ಟದ), ನೆಟ್ (ರಾಷ್ಟ್ರಮಟ್ಟದ) ಅರ್ಹತಾ ಪರೀಕ್ಷೆಗಳು ಕೇಳುವುದು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ (ಮೀಸಲು ವರ್ಗಗಳಿಗೆ ಶೇ 50). ಅದನ್ನು ಯಾವ ಊರಿನಲ್ಲಿ ತೆಗೆದಿರಿ ಎಂದು ಕೇಳುವುದಿಲ್ಲ.

‘ಮುಚ್ಚಿ ಹೋಗುವ’ ಎಂಬ ಮಾತು ಎಲ್ಲಿಂದ ಬಂತೆಂಬುದು ನಿಮಗೂ ಗೊತ್ತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಕೈಬಿಡುವ ಶಿಫಾರಸು ಮಾಡಿತು, ಅದು ಪತ್ರಿಕೆಗಳ ಮುಖಪುಟಕ್ಕೆ ಬಂತು, ಆ ಜಿಲ್ಲೆಗಳಲ್ಲಿ ಪ್ರತಿಭಟನೆಗಳೂ ನಡೆದವು. ಶಿಫಾರಸು ಬೇರೆ, ಮುಚ್ಚುವುದು ಬೇರೆ. ಕಾಯ್ದೆಯಿಂದ ಹುಟ್ಟಿದ್ದನ್ನು ತೆಗೆಯಲು ಮತ್ತೆ ಕಾಯ್ದೆಯೇ ಬೇಕು. ಹಾಗೆ ತೆಗೆದರೂ ಮಕ್ಕಳು ಬೀದಿಗೆ ಬೀಳುವುದಿಲ್ಲ, ಹೊಸದು ಯಾವುದರಿಂದ ಬೇರ್ಪಟ್ಟಿತೋ ಆ ಮೂಲ ವಿಶ್ವವಿದ್ಯಾಲಯದ ಮಡಿಲಿಗೆ ಮರಳುತ್ತಾರೆ.

ಇದಕ್ಕಿಂತ ಕೆಟ್ಟ ಪ್ರಸಂಗದಲ್ಲಿ ಏನಾಯಿತೆಂದು ಹೇಳಿದರೆ ನಿಮ್ಮ ಮನಸ್ಸಿಗೆ ನೆಮ್ಮದಿ ಸಿಗಬಹುದು. ಛತ್ತೀಸಗಡ ಸರ್ಕಾರ 2002ರಲ್ಲಿ ಒಂದು ಕಾಯ್ದೆ ಮಾಡಿ, ಅದರ ಅಡಿಯಲ್ಲಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳಿಗೆ ದಾರಿ ಮಾಡಿಕೊಟ್ಟಿತು. ಕೆಲವಕ್ಕೆ ನೆಟ್ಟಗೆ ಕಟ್ಟಡವೂ ಇರಲಿಲ್ಲ. ವಿಜ್ಞಾನಿ ಪ್ರೊ. ಯಶಪಾಲ್ ಅವರು ಸುಪ್ರೀಂ ಕೋರ್ಟಿಗೆ ಹೋದರು. 2005ರ ಫೆಬ್ರವರಿಯಲ್ಲಿ ನ್ಯಾಯಾಲಯ ಆ ವಿಶ್ವವಿದ್ಯಾಲಯಗಳ ಬುಡವನ್ನೇ ಕಿತ್ತು ಹಾಕಿತು. ಹಾಗೆ ಮಾಡುವಾಗಲೂ ಅಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಹಾನಿಯಾಗದಂತೆ ಆ ಸಂಸ್ಥೆಗಳನ್ನು ರಾಜ್ಯದ ವಿಶ್ವವಿದ್ಯಾಲಯಗಳ ಸಂಯೋಜನೆಗೆ ತರಲು ಹೇಳಿತು. ಅಸಿಂಧುವಾದ ಸಂಸ್ಥೆಯ ಮಕ್ಕಳಿಗೇ ಇಷ್ಟು ರಕ್ಷಣೆ ಸಿಕ್ಕಿರುವಾಗ, ವಿಧಾನಮಂಡಲವೇ ಸ್ಥಾಪಿಸಿದ ಸರ್ಕಾರಿ ವಿಶ್ವವಿದ್ಯಾಲಯದ ಮಕ್ಕಳ ಪದವಿ ಕಾಗದದ ಚೂರಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಆದರೆ ತೊಂದರೆಯೇ ಇಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಒಂದು ವಿಶ್ವವಿದ್ಯಾಲಯ ಒಡೆಯುವಾಗ ಅಥವಾ ಕೂಡುವಾಗ ಪೆಟ್ಟು ಬೀಳುವುದು ಪರೀಕ್ಷಾ ವಿಭಾಗಕ್ಕೆ. ಅಂಕಪಟ್ಟಿ ಯಾರು ಮುದ್ರಿಸಬೇಕು, ಹಳೆಯ ಬ್ಯಾಚಿನ ಬಾಕಿ ಪತ್ರಿಕೆಗಳನ್ನು ಯಾರು ನಡೆಸಬೇಕು, ಹಳೆಯ ಪಠ್ಯಕ್ರಮದ ಪ್ರಶ್ನೆಪತ್ರಿಕೆ ಯಾರು ಸಿದ್ಧಪಡಿಸಬೇಕು, ಈ ಗೊಂದಲದಲ್ಲಿ ತಿಂಗಳುಗಳು ಕಳೆಯುತ್ತವೆ. ನಾನಿದ್ದ ಕಚೇರಿಯಲ್ಲೇ ಒಬ್ಬ ಹುಡುಗ ಫಲಿತಾಂಶದ ತಡದಿಂದ ಬಿ.ಇಡಿ. ಪ್ರವೇಶದ ದಿನಾಂಕ ತಪ್ಪಿಸಿಕೊಂಡ. ಅವನ ತಾಯಿ ಕಿಟಕಿಯ ಹೊರಗೆ ಸುಮ್ಮನೆ ನಿಂತಿದ್ದರು, ಜಗಳವನ್ನೂ ಆಡಲಿಲ್ಲ. ಆ ಮುಖ ನನಗೆ ಇನ್ನೂ ಮರೆತಿಲ್ಲ. ಪದವಿಯನ್ನು 180 ದಿನಗಳೊಳಗೆ ಕೊಡಬೇಕೆಂದು ಯುಜಿಸಿ ನಿಯಮವಿದೆ. ನಿಯಮ ಇದೆ ಎಂದು ಸುಮ್ಮನೆ ಕುಳಿತುಕೊಳ್ಳಬೇಡಿ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿ ಬಂದ ಕೂಡಲೇ ತೆಗೆದಿಡಿ, ಡಿಜಿಲಾಕರ್‌ನಲ್ಲಿ ಅದು ಸೇರಿದೆಯೇ ನೋಡಿ. ವಿಭಾಗದ ಮುಖ್ಯಸ್ಥರ ಸಹಿ-ಮೊಹರು ಇರುವ ಪೂರ್ಣ ಪಠ್ಯಕ್ರಮದ ಒಂದು ಪ್ರತಿ ಇವತ್ತೇ ಇಟ್ಟುಕೊಳ್ಳಿ. ಹತ್ತು-ಹನ್ನೆರಡು ವರ್ಷ ಕಳೆದ ಮೇಲೆ ವಿದೇಶದ ಅರ್ಜಿಗೋ ನೇಮಕಾತಿಯ ತಕರಾರಿಗೋ ಪಠ್ಯಕ್ರಮ ಕೇಳಿಕೊಂಡು ಬಂದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಗೋದಾಮಿನ ಗೆದ್ದಲು ತಿಂದ ಕಟ್ಟುಗಳಲ್ಲಿ ಅದನ್ನು ಹುಡುಕುವ ಪಾಡು ಯಾರಿಗೂ ಬೇಡ.

ನ್ಯಾಕ್ ವಿಷಯ ಚುಟುಕಾಗಿ ಹೇಳುತ್ತೇನೆ. ಅದು ಸಂಸ್ಥೆಯ ಗುಣಮಟ್ಟವನ್ನು ಅಳೆದು ಶ್ರೇಣಿ ಕೊಡುವ ಮಂಡಳಿ, 1994ರಲ್ಲಿ ಶುರುವಾಯಿತು, ಕಚೇರಿ ಬೆಂಗಳೂರಿನಲ್ಲೇ ಇದೆ. ಆರು ವರ್ಷ ಪೂರೈಸಿರಬೇಕು ಅಥವಾ ಎರಡು ಬ್ಯಾಚ್ ಹೊರಬಂದಿರಬೇಕು, ಆಮೇಲೆಯೇ ಅದರ ಮುಂದೆ ಹೋಗುವ ಅರ್ಹತೆ. 2023ರಲ್ಲಿ ಹುಟ್ಟಿದ ಸಂಸ್ಥೆಗೆ ಶ್ರೇಣಿ ಇಲ್ಲ ಎನ್ನುವುದು ಮೂರು ವರ್ಷದ ಮಗುವಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲ ಎಂದಂತೆ. ಶ್ರೇಣಿ ಇಲ್ಲದಿದ್ದರೆ, ಯುಜಿಸಿಯ 12-ಬಿ ಪಟ್ಟಿಗೆ ಸೇರದಿದ್ದರೆ ಕೇಂದ್ರದ ಅನುದಾನ ಬರುವುದು ಕಷ್ಟ, ಅದರಿಂದ ಉಪಕರಣಗಳಿಗೆ ಹಣ ಇರುವುದಿಲ್ಲ. ವಿದ್ಯಾರ್ಥಿಯ ಪದವಿಯ ಸಿಂಧುತ್ವಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಕಲಿಕೆಯ ಮಾತಿಗೆ ಬರುತ್ತೇನೆ. ನನಗೆ ಚಿಂತೆ ಇರುವುದು ಇಲ್ಲಿ.

ಈ ವಿಶ್ವವಿದ್ಯಾಲಯಗಳು ಬಡವಾಗಿರುವುದಕ್ಕೆ ಕಾರಣ ಯಾರದೋ ಸೋಮಾರಿತನವಲ್ಲ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಸ್ವಂತ ಆದಾಯದ ದೊಡ್ಡ ಪಾಲು ಬರುವುದು ಸಂಯೋಜಿತ ಕಾಲೇಜುಗಳಿಂದ, ಅಂದರೆ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ. ಒಂದೇ ಜಿಲ್ಲೆಯ ಕಾಲೇಜುಗಳನ್ನು ಕತ್ತರಿಸಿ ಹೊಸ ವಿಶ್ವವಿದ್ಯಾಲಯ ಮಾಡಿದರೆ ಹೊಸದಕ್ಕೆ ಆದಾಯ ಸಾಲದು, ಹಳೆಯದಕ್ಕೂ ಕೊರತೆ. ಜೊತೆಗೆ ಈ ಹೊಸವು ಹೆಚ್ಚಾಗಿ ಮೂಲ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಗಳ ಮೇಲೆಯೇ ನಿಂತಿವೆ. ಹಾವೇರಿಯದು ಕೆರಿಮತ್ತಿಹಳ್ಳಿಯ ಕೇಂದ್ರ, ಹಾಸನದ್ದು ಹೇಮಗಂಗೋತ್ರಿ, ಬಾಗಲಕೋಟೆಯದು ಜಮಖಂಡಿಯ ಕೇಂದ್ರ. ನಾಮಫಲಕ ಬದಲಾಯಿತು, ಗೋಡೆಗಳು ಅವೇ ಉಳಿದವು. ಕಾಯಂ ಅಧ್ಯಾಪಕರ ಸೇವೆ ಮೂಲ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇರುವುದರಿಂದ ಹಲವರು ಅಲ್ಲಿಗೇ ಮರಳಲು ಬಯಸುತ್ತಾರೆ. ಅವರ ಜಾಗಕ್ಕೆ ಬರುವವರು ಅತಿಥಿ ಉಪನ್ಯಾಸಕರು.

ಅತಿಥಿ ಉಪನ್ಯಾಸಕರೆಂದರೆ ಕೀಳು ಎಂದು ದಯವಿಟ್ಟು ತಿಳಿಯಬೇಡಿ. ನಾನು ಕಂಡ ಅತ್ಯುತ್ತಮ ಪಾಠಗಳಲ್ಲಿ ಕೆಲವು ಅವರವೇ. ನೆಟ್ ಪಾಸಾಗಿ, ಪಿಎಚ್‌ಡಿ ಮುಗಿಸಿ, ವರ್ಷದಿಂದ ವರ್ಷಕ್ಕೆ ಮರುನೇಮಕದ ಆದೇಶಕ್ಕೆ ಕಾಯುತ್ತಾ ಪಾಠ ಮಾಡುವ ಅವರನ್ನು ಕಂಡರೆ ನನಗೆ ಗೌರವವೂ ಇದೆ, ಸಂಕಟವೂ ಇದೆ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಸೆಮಿಸ್ಟರ್ ಶುರುವಾಗಿ ಒಂದೂವರೆ ತಿಂಗಳಾದ ಮೇಲೆ ನೇಮಕದ ಆದೇಶ ಬಂದರೆ ಆ ಒಂದೂವರೆ ತಿಂಗಳ ಪಾಠ ಎಲ್ಲಿ ಹೋಯಿತು? ಪಿಎಚ್‌ಡಿಗೆ ಮಾರ್ಗದರ್ಶನ ಮಾಡಲು ಯುಜಿಸಿ ನಿಯಮದಂತೆ ಕಾಯಂ ಅಧ್ಯಾಪಕರೇ ಬೇಕು. ವಿಭಾಗದಲ್ಲಿ ಅಂಥವರು ಒಬ್ಬರೂ ಇಲ್ಲದಿದ್ದರೆ ಅಲ್ಲಿ ಸಂಶೋಧನೆ ನಡೆಯುವುದಿಲ್ಲ. ಸಂಶೋಧನೆ ನಡೆಯದ ಪ್ರಯೋಗಾಲಯದಲ್ಲಿ ಎಂ.ಎಸ್‌ಸಿ. ವಿದ್ಯಾರ್ಥಿ ಸಂಜೆ ಏಳರ ಮೇಲೆ ಯಾರೋ ಕೆಲಸ ಮಾಡುವುದನ್ನು ನೋಡುವುದೇ ಇಲ್ಲ. ಅರ್ಧ ರಸಾಯನಶಾಸ್ತ್ರ ಹಾಗೆ ನೋಡಿಯೇ ಬರುವುದು.

ಆದ್ದರಿಂದ ನಾನು ಹೇಳುವುದು ಒಂದೇ. ‘ಈ ವಿಶ್ವವಿದ್ಯಾಲಯ ಹೇಗಿದೆ’ ಎಂದು ಯಾರನ್ನೂ ಕೇಳಬೇಡಿ. ‘ಈ ವಿಭಾಗ ಹೇಗಿದೆ’ ಎಂದು ಹೋಗಿ ನೋಡಿ. ವಿಶ್ವವಿದ್ಯಾಲಯ ಎಂಬುದು ಮೊಹರಿನಲ್ಲಿ ಇರುತ್ತದೆ. ನಿಮ್ಮ ಮಗಳು ಎರಡು ವರ್ಷ ಕಳೆಯುವುದು ನಾಲ್ಕು ಕೋಣೆ ಮತ್ತು ಐದಾರು ಅಧ್ಯಾಪಕರ ನಡುವೆ.

ಪ್ರಯೋಗಾಲಯಕ್ಕೆ ಹೋದಾಗ ಏನು ನೋಡಬೇಕೆಂದು ಹೇಳುತ್ತೇನೆ, ಮಗಳಿಗೆ ಇದು ಗೊತ್ತಾಗುತ್ತದೆ. ಮೂಲೆಯಲ್ಲಿ ದಪ್ಪ ಗಾಜಿನ ಒಂದು ಪಾತ್ರೆ ಇರುತ್ತದೆ, ಡೆಸಿಕೇಟರ್; ತೂಗಬೇಕಾದ ವಸ್ತುಗಳನ್ನು ತೇವ ತಾಗದಂತೆ ಅದರಲ್ಲಿ ಇಡುತ್ತಾರೆ. ಅದರ ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿರುತ್ತವೆ. ಬಣ್ಣ ಬದಲಿಸುವ ಸಾಮಾನ್ಯ ಬಗೆಯದಾದರೆ ಒಣಗಿದ್ದಾಗ ನೀಲಿ, ತೇವ ಕುಡಿದು ತುಂಬಿದಾಗ ಗುಲಾಬಿ. ಗುಲಾಬಿ ಆದದ್ದನ್ನು ಓವನ್‌ನಲ್ಲಿ ಕಾಯಿಸಿದರೆ ಮತ್ತೆ ನೀಲಿ ಆಗುತ್ತದೆ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹರಳು ಗುಲಾಬಿಯಾಗಿ, ಮೇಲೆ ದೂಳು ಕೂತಿದ್ದರೆ ಆ ಪ್ರಯೋಗಾಲಯದಲ್ಲಿ ಯಾರೂ ತೂಕಕ್ಕೆ ಮಹತ್ವ ಕೊಡುತ್ತಿಲ್ಲ ಎಂದರ್ಥ. ಇನ್ನು ವಿಷದ ಹೊಗೆಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್‌ನ ಫ್ಯಾನ್ ತಿರುಗುತ್ತದೆಯೇ, ಅಥವಾ ಅದು ಹಳೆಯ ಬಾಟಲಿ ಇಡುವ ಕಪಾಟಾಗಿದೆಯೇ? ರಾಸಾಯನಿಕದ ಬಾಟಲಿಗಳ ಮೇಲೆ ತೆರೆದ ದಿನಾಂಕ ಬರೆದಿದೆಯೇ? ನಲ್ಲಿಯಲ್ಲಿ ನೀರು ಬರುತ್ತದೆಯೇ? ನಗಬೇಡಿ, ನೀರಿಲ್ಲದೆ ಪ್ರಯೋಗ ನಿಂತ ಮಧ್ಯಾಹ್ನಗಳನ್ನು ನಾನು ಎಣಿಸಿದ್ದೇನೆ. ಆಮೇಲೆ ಕಳೆದ ವರ್ಷದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕ ಕೇಳಿ ನೋಡಲಿ. ಎಲ್ಲ ವಿದ್ಯಾರ್ಥಿಗಳ ಟೈಟ್ರೇಷನ್ (ದ್ರಾವಣದ ಸಾಂದ್ರತೆ ಅಳೆಯುವ ಪ್ರಯೋಗ) ಅಂಕಿಗಳೂ ಒಂದೇ ಆಗಿದ್ದರೆ ಒಬ್ಬರು ಮಾಡಿದ್ದನ್ನು ಉಳಿದವರು ನಕಲು ಮಾಡಿದ್ದಾರೆ. ಹೊಡೆದು ಹಾಕಿ ಮತ್ತೆ ಬರೆದ ಅಂಕಿಗಳಿದ್ದರೆ, ಅಲ್ಲಿ ಕೆಲಸ ನಡೆದಿದೆ.

ಎನ್‌ಎಂಆರ್‌ನಂಥ ಅಣುವಿನ ರಚನೆ ತಿಳಿಸುವ ಕೋಟಿ ಬೆಲೆಯ ಯಂತ್ರ ಅಲ್ಲಿಲ್ಲ ಎಂದು ಕೊರಗಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೂ ಮಾದರಿಗಳನ್ನು ಪರೀಕ್ಷಿಸಿಕೊಡುವ ಉಪಕರಣ ಕೇಂದ್ರವಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದೆ. ದೇಶದ ಸಂಶೋಧನಾ ಉಪಕರಣಗಳನ್ನು ಹಂಚಿಕೊಳ್ಳಲೆಂದೇ ಐ-ಸ್ಟೆಮ್ ಎಂಬ ಜಾಲತಾಣ 2020ರಿಂದ ನಡೆಯುತ್ತಿದೆ. ವಿಭಾಗದವರು ಪ್ರಾಜೆಕ್ಟಿನ ಮಾದರಿಗಳನ್ನು ಹೊರಗೆ ಕಳಿಸುತ್ತಾರೆಯೇ ಎಂದು ಕೇಳಿ. ಕಳಿಸುತ್ತಾರಾದರೆ ಅಲ್ಲಿ ಜೀವ ಇದೆ.

ಸಣ್ಣ ವಿಶ್ವವಿದ್ಯಾಲಯ ಎಂದ ಮಾತ್ರಕ್ಕೆ ಕಿರಿದಾದ ಓದು ಎಂದು ನಾನು ಒಪ್ಪುವವನಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದಾಗ ಅದರ ಕೈಯಲ್ಲಿದ್ದದ್ದು ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಎರಡೇ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದು ಅದನ್ನು ಕಟ್ಟಿ ನಿಲ್ಲಿಸಿದರು. 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯ ಇವತ್ತಿಗೂ ಗಾತ್ರದಲ್ಲಿ ಚಿಕ್ಕದೇ. ಅದರ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕಗಳಿಲ್ಲದೆ ಕನ್ನಡ ಸಂಶೋಧನೆ ಮಾಡುವವರು ಯಾರಿದ್ದಾರೆ? ವ್ಯತ್ಯಾಸ ಇಷ್ಟೇ, ಆ ಕಾಲದಲ್ಲಿ ವಿಶ್ವವಿದ್ಯಾಲಯ ಕಟ್ಟಲು ಹುದ್ದೆಗಳನ್ನೂ ಹಣವನ್ನೂ ಕೊಟ್ಟಿದ್ದರು. ಈಗ ಹೆಸರನ್ನು ಮಾತ್ರ ಕೊಟ್ಟಿದ್ದಾರೆ. ಇದನ್ನು ಬರೆಯುವಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಅಲ್ಲಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲಿ ಮೊದಲ ಬಾರಿಗೆ ಎಂ.ಎಸ್‌ಸಿ. ಮೆಟ್ಟಿಲು ಹತ್ತಿದವರು. ಹೆಣ್ಣುಮಕ್ಕಳಂತೂ, ಜಿಲ್ಲೆಯಲ್ಲಿ ವಿಶ್ವವಿದ್ಯಾಲಯ ಇಲ್ಲದಿದ್ದರೆ ಬಿ.ಎಸ್‌ಸಿ.ಗೇ ನಿಂತು ಮದುವೆಯ ಮಾತಿಗೆ ಕೂರಬೇಕಾದವರು. ಮುಚ್ಚಬೇಕೆಂದು ಸುಲಭವಾಗಿ ಹೇಳುವವರು ಆ ತರಗತಿಗಳಲ್ಲಿ ಒಮ್ಮೆ ಕೂತು ಬರಬೇಕು.

ಚಿನ್ನದ ಪದಕದ ಬಗ್ಗೆ ಭಾವನವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಪದಕಗಳು ಸಾಮಾನ್ಯವಾಗಿ ದತ್ತಿಯಿಂದ ಬರುತ್ತವೆ. ಯಾರೋ ತಮ್ಮ ತಂದೆ-ತಾಯಿಯ ಹೆಸರಿನಲ್ಲಿ ಇಟ್ಟ ಠೇವಣಿಯ ಬಡ್ಡಿ ಅದು. ಹದಿನೈದು ಮಂದಿಯ ತರಗತಿಯಲ್ಲಿ ಮೊದಲಿಗರಾಗುವುದಕ್ಕೂ ನೂರು ಮಂದಿಯಲ್ಲಿ ಮೊದಲಿಗರಾಗುವುದಕ್ಕೂ ಅಂತರವಿದೆ, ಸಂದರ್ಶನದಲ್ಲಿ ಕೂತವರಿಗೆ ಅದು ಗೊತ್ತು. ಆದರೂ ಘಟಿಕೋತ್ಸವದ ದಿನ ಅಪ್ಪ-ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಪದಕ ಪಡೆಯುವ ಸಂತೋಷವನ್ನು ನಾನು ಹಗುರಾಗಿ ಕಾಣಲಾರೆ. ಅಧ್ಯಾಪಕಿಯಾಗಬೇಕೆನ್ನುವ ಹುಡುಗಿಗೆ ಮಾತ್ರ ನಿಜವಾದ ಪದಕ ಬೇರೆ ಇದೆ. ಅದು ಸಿಎಸ್‌ಐಆರ್-ಯುಜಿಸಿ ನೆಟ್, ಕೆ-ಸೆಟ್, ಗೇಟ್. ಅಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ನೆಟ್‌ನಲ್ಲಿ ಮೇಲಿನ ಸ್ಥಾನ ಪಡೆದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಷಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಷಿಪ್ ಸಿಗುತ್ತದೆ, ಮುಂದಿನ ಓದು ನಿಮ್ಮ ಜೇಬಿನ ಮೇಲೆ ಬೀಳುವುದಿಲ್ಲ. ಪಿಯು ಉಪನ್ಯಾಸಕಿಯ ಹುದ್ದೆಯೂ ಮನಸ್ಸಿನಲ್ಲಿದ್ದರೆ ಎಂ.ಎಸ್‌ಸಿ. ಆದ ಮೇಲೆ ಬಿ.ಇಡಿ. ಬೇಕಾಗುತ್ತದೆ ಎಂಬುದನ್ನೂ ನೆನಪಿಡಲಿ.

ಇನ್ನೊಂದು ಎಚ್ಚರಿಕೆ. ‘ಹಣ ಕೊಟ್ಟರೆ ಹದಿನೈದು ದಿನದಲ್ಲಿ ಪ್ರಬಂಧ ಪ್ರಕಟಿಸುತ್ತೇವೆ’ ಎನ್ನುವ ಅಂತರರಾಷ್ಟ್ರೀಯ ಹೆಸರಿನ ಪತ್ರಿಕೆಗಳು ವಿದ್ಯಾರ್ಥಿಗಳ ಬೆನ್ನು ಹತ್ತುತ್ತವೆ. ಅಂಥ ಒಂದು ಪ್ರಕಟಣೆ ಇದ್ದರೆ ಲಾಭವಿಲ್ಲ, ಮುಂದೆ ಹಾನಿಯೇ ಆಗಬಹುದು. ಅದರ ಬದಲು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಷಿಪ್‌ಗೆ ಮೊದಲ ವರ್ಷದಲ್ಲೇ ಅರ್ಜಿ ಹಾಕಲಿ. ಆಯ್ಕೆಯಾದರೆ ಎರಡು ತಿಂಗಳು ದೊಡ್ಡ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಬಹುದು. ನಮ್ಮ ಕೇಂದ್ರದ ಒಬ್ಬ ವಿದ್ಯಾರ್ಥಿನಿ, ಹದಿನಾಲ್ಕು ಮಂದಿಯ ಬ್ಯಾಚಿನವಳು, ಹಾಗೆ ಹೋಗಿ ಬಂದಳು. ಹೋಗುವಾಗ ದ್ರಾವಣ ಅಳೆಯುವ ಗಾಜಿನ ಕೊಳವೆಯಾದ ಬ್ಯುರೆಟ್ ಬಿಟ್ಟರೆ ಬೇರೆ ಉಪಕರಣ ಮುಟ್ಟಿರಲಿಲ್ಲ. ಮರಳಿದ ಮೇಲೆ ನನ್ನ ತರಗತಿಯಲ್ಲಿ ಅವಳು ಕೇಳುವ ಪ್ರಶ್ನೆಗಳೇ ಬದಲಾಗಿದ್ದವು. ಹಿಂದಿನ ರಾತ್ರಿ ಓದದೆ ನಾನು ತರಗತಿಗೆ ಹೋಗುವಂತಿರಲಿಲ್ಲ. ಈಗ ಅವಳೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಮಗಳ ಮಾತಿಗೆ ಬರೋಣ. ‘ಐದು ಗಂಟೆಗೆ ಎಲ್ಲ ಖಾಲಿ’ ಎಂದು ಅವಳು ಸರಿಯಾಗಿಯೇ ಗಮನಿಸಿದ್ದಾಳೆ, ಅದನ್ನು ಹುಡುಗಾಟದ ಮಾತೆಂದು ತಳ್ಳಬೇಡಿ. ಸಣ್ಣ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್ ಜೀವನವನ್ನು ನಿರ್ಧರಿಸುವುದು ಕೊನೆಯ ಬಸ್ಸು. ಐದೂಕಾಲಿಗೆ ಬಸ್ಸಿದ್ದರೆ ನಾಲ್ಕೂವರೆಗೆ ಬ್ಯಾಗು ಹೆಗಲೇರುತ್ತದೆ. ಆಗ ನಾಟಕದ ತಾಲೀಮು, ವಾಲಿಬಾಲ್, ಗ್ರಂಥಾಲಯದ ಓದು ಯಾವುದೂ ಬೇರು ಬಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಗೆಳತಿಯರು ಕೂತು ಒಬ್ಬರಿಗೊಬ್ಬರು ಲೆಕ್ಕ ಬಿಡಿಸಿಕೊಡುವ ಹೊತ್ತು ಇಲ್ಲವಾಗುವುದು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಅದರಿಂದ ಎಷ್ಟೋ ಹುಡುಗಿಯರು ಓದು ಮುಂದುವರಿಸಿದರು, ಒಳ್ಳೆಯದಾಯಿತು. ಆದರೆ ಉಚಿತ ಎಂಬ ಕಾರಣಕ್ಕೆ ದಿನಾ 76 ಕಿ.ಮೀ. ಓಡಾಡಿಸಬೇಡಿ. ಕಾಯುವುದು, ನಿಲ್ಲುವುದು, ಬದಲಿ ಬಸ್ಸು ಹಿಡಿಯುವುದು ಸೇರಿ ದಿನಕ್ಕೆ ಮೂರು ಗಂಟೆ ಹೋಗುತ್ತದೆ. ಇಲ್ಲೇ ಸೇರಿಸಿದರೂ ಹಾಸ್ಟೆಲಿನಲ್ಲಿ ಇಡಿ, ವಾರಕ್ಕೊಮ್ಮೆ ಮನೆಗೆ ಬರಲಿ. ವಿಶ್ವವಿದ್ಯಾಲಯದ ಹಾಸ್ಟೆಲ್ ಇಲ್ಲದಿದ್ದರೆ ಹಿಂದುಳಿದ ವರ್ಗಗಳ ಇಲಾಖೆಯ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳನ್ನು ವಿಚಾರಿಸಿ. ಹಿಂದುಳಿದ ವರ್ಗಕ್ಕೆ ಸೇರಿದ್ದು ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ-ವಸತಿಗೆ ನೆರವಿದೆ, ಆದಾಯದ ಮಿತಿಯನ್ನು ಮೊದಲು ನೋಡಿಕೊಳ್ಳಿ. ಅರ್ಜಿ ಹಾಕಬೇಕಾದ್ದು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣದಲ್ಲಿ.

ಸಣ್ಣ ಜಾಗಕ್ಕೆ ಒಂದು ಅನುಕೂಲವೂ ಇದೆ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವಕ್ಕೆ, ಕ್ರೀಡಾಕೂಟಕ್ಕೆ ಪ್ರತಿ ವಿಶ್ವವಿದ್ಯಾಲಯವೂ ತಂಡ ಕಳಿಸಬಹುದು. ದೊಡ್ಡ ಕಡೆ ನೂರಾರು ಕಾಲೇಜುಗಳಿಂದ ಆರಿಸುತ್ತಾರೆ, ಇಲ್ಲಿ ಹಾಡಲು ಬರುವ ಹುಡುಗಿಯನ್ನು ಅಧ್ಯಾಪಕರೇ ಕರೆದು ನಿಲ್ಲಿಸುತ್ತಾರೆ. ಹೆಸರು ಹಿಡಿದು ಕರೆಯುವ ಅಧ್ಯಾಪಕರು, ನಾಲ್ಕು ದಿನ ಬಾರದಿದ್ದರೆ ಮನೆಗೆ ಫೋನು ಮಾಡುವ ಮುಖ್ಯಸ್ಥರು, ಇವು ಸಣ್ಣ ವಿಭಾಗದಲ್ಲಿ ಸಿಗುತ್ತವೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದ ಮಾತು ಬೇಗ ಮುಗಿಸುತ್ತೇನೆ. ಅವುಗಳೂ ರಾಜ್ಯದ ಕಾಯ್ದೆಯಿಂದಲೇ ಬಂದವು, ಪದವಿ ಸಿಂಧುವೇ, ಕೆಲವು ಚೆನ್ನಾಗಿಯೂ ನಡೆಯುತ್ತಿವೆ. ಆದರೆ ದಿನಕ್ಕೆರಡು ಸಲ ಫೋನು ಮಾಡುವವರು ಸೀಟು ತುಂಬಿಸುವ ಕೆಲಸದವರು, ಅವರಿಗೂ ಪಾಠಕ್ಕೂ ಸಂಬಂಧವಿಲ್ಲ. ಲಕ್ಷಗಟ್ಟಲೆ ಶುಲ್ಕ, ಅದರ ಮೇಲೆ ಬೆಂಗಳೂರಿನ ವಸತಿ. ಅಧ್ಯಾಪನದ ದಾರಿಗೆ ಹೋಗುವ ಹುಡುಗಿಗೆ ಆ ಹಣ ಮರಳಿ ಬರಲು ಬಹಳ ವರ್ಷ ಬೇಕು. ನನ್ನ ಮಗಳಾಗಿದ್ದರೆ ನಾನು ಕಳಿಸುತ್ತಿರಲಿಲ್ಲ.

ಧಾರವಾಡದ ಪೇಮೆಂಟ್ ಸೀಟು ಗಂಭೀರವಾಗಿ ಯೋಚಿಸುವಂಥದ್ದು. ಹಳೆಯ ವಿಭಾಗ, ಸಂಶೋಧನೆ ನಡೆಯುವ ವಾತಾವರಣ, ಉಪಕರಣ, ಗ್ರಂಥಾಲಯ, ಜೊತೆಗೆ ನೆಟ್‌ಗೆ ಓದುವ ಹಿರಿಯ ವಿದ್ಯಾರ್ಥಿಗಳ ಸಹವಾಸ. ಆದರೆ ಅಲ್ಲೂ ಹುದ್ದೆಗಳು ಖಾಲಿ ಇರಬಹುದು, ಆ ವಿಭಾಗವನ್ನೂ ಹೋಗಿಯೇ ನೋಡಬೇಕು. ಹಾಸ್ಟೆಲ್ ಸಿಗುವ ಖಾತರಿಯಿಲ್ಲ, ಖಾಸಗಿ ವಸತಿಯಾದರೆ ಖರ್ಚು ಹೆಚ್ಚು. ದೊಡ್ಡ ತರಗತಿಯಲ್ಲಿ ಮೊದಲ ಸೆಮಿಸ್ಟರ್ ಹಿಂಜರಿದು ಕೂರುವ ಮಕ್ಕಳೂ ಇದ್ದಾರೆ. ಸಾಲ ಬೇಕಾದರೆ, ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅಡಮಾನ ಕೇಳುವುದಿಲ್ಲ, ಹೊಲದ ಪಹಣಿ ಹಿಡಿದು ಓಡಬೇಡಿ.

ನನ್ನ ಅಭಿಪ್ರಾಯ ಹೀಗಿದೆ. ನಿಮ್ಮ ಜಿಲ್ಲೆಯ ವಿಭಾಗದಲ್ಲಿ ಕನಿಷ್ಠ ಇಬ್ಬರು ಕಾಯಂ ಅಧ್ಯಾಪಕರಿದ್ದು, ಉಳಿದವರು ಮೂರು-ನಾಲ್ಕು ವರ್ಷದಿಂದ ಅಲ್ಲೇ ಪಾಠ ಮಾಡುತ್ತಿದ್ದು, ಪ್ರಯೋಗಾಲಯ ವಾರಕ್ಕೆ ನಾಲ್ಕು ದಿನವಾದರೂ ನಿಜವಾಗಿ ತೆರೆದಿದ್ದರೆ ಮೆರಿಟ್ ಸೀಟು ಬಿಡಬೇಡಿ. ಹಾಸ್ಟೆಲಿನಲ್ಲಿ ಇಟ್ಟು ಓದಿಸಿ. ಧಾರವಾಡಕ್ಕೆ ಖರ್ಚಾಗುತ್ತಿದ್ದ ಹಣದಲ್ಲಿ ಒಂದು ಪಾಲು ಬೇರೆಯಾಗಿ ಎತ್ತಿಡಿ, ಅದು ಬೇಸಿಗೆಯ ಸಂಶೋಧನೆಗೆ, ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ, ನೆಟ್ ಪುಸ್ತಕಗಳಿಗೆ ಬೇಕಾಗುತ್ತದೆ. ಅಧ್ಯಾಪಕರು, ಪ್ರಯೋಗಾಲಯದ ಬಗ್ಗೆ ಮೇಲೆ ಹೇಳಿದ ಮೂರು ಷರತ್ತುಗಳಲ್ಲಿ ಎರಡು ಇಲ್ಲದಿದ್ದರೆ, ಸಾಲ ಮಾಡಿಯಾದರೂ ಧಾರವಾಡಕ್ಕೆ ಕಳಿಸಿ. ಶೇ 81 ತೆಗೆದವಳು, ಪ್ರಯೋಗಾಲಯದ ಬೀಗ ನೋಡುತ್ತಾ ಎರಡು ವರ್ಷ ಕಳೆಯಬಾರದು.

ಹತ್ತು ದಿನ ಉಳಿದಿದೆ ಎಂದಿದ್ದೀರಿ, ಸಾಕು. ಪ್ರಾಯೋಗಿಕ ತರಗತಿ ಇರುವ ದಿನ ಯಾವುದೆಂದು ಕಚೇರಿಗೆ ಫೋನು ಮಾಡಿ ಕೇಳಿ, ಆ ದಿನ ಮಗಳನ್ನು ಕರೆದುಕೊಂಡು ಹೋಗಿ. ಮುಖ್ಯಸ್ಥರನ್ನು ನೀವು ಮಾತನಾಡಿಸಿ, ಕಾಯಂ ಎಷ್ಟು ಜನ, ಅತಿಥಿ ಎಷ್ಟು ಜನ, ಕಳೆದ ಬ್ಯಾಚಿನ ಫಲಿತಾಂಶ ಯಾವ ತಿಂಗಳು ಬಂತು ಎಂದು ನೇರವಾಗಿ ಕೇಳಿ. ಒಳ್ಳೆಯ ಮುಖ್ಯಸ್ಥರು ಇದಕ್ಕೆ ಸಿಟ್ಟಾಗುವುದಿಲ್ಲ. ಅಷ್ಟು ಹೊತ್ತು ಮಗಳು ಒಬ್ಬಳೇ ಹೋಗಿ ಎರಡನೇ ವರ್ಷದ ಹುಡುಗಿಯರ ಜೊತೆ ಊಟಕ್ಕೆ ಕೂರಲಿ. ನೀವು ಜೊತೆಗಿದ್ದರೆ ಅವರು ಬಾಯಿ ಬಿಡುವುದಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಏನು ಹೇಳುತ್ತಾಳೆ ಕೇಳಿಸಿಕೊಳ್ಳಿ. ಡೆಸಿಕೇಟರಿನ ಹರಳು ಯಾವ ಬಣ್ಣದಲ್ಲಿತ್ತು ಎಂಬುದನ್ನು ನನಗೂ ಒಂದು ಸಾಲು ಬರೆದು ತಿಳಿಸಿ.